ಶೈಶವದ ಋಣ

ಶೈಶವದಲ್ಲಿ ಕಳೆದುಹೋದುದನ್ನು ಮುಂದೆ ದೊರೆತ ವಾತ್ಸಲ್ಯವು ತುಂಬಿಕೊಡಬಲ್ಲುದೇ? ದತ್ತುಮಕ್ಕಳ ವಿಷಯದಲ್ಲಿ ಬೀಜದಂತೆ ವೃಕ್ಷವೆಂದು ಕೈಚೆಲ್ಲುವವರು ಕೆಲವರು. ಪ್ರೀತಿಯೊಂದಿದ್ದರೆ ಸಕಲವೂ ಸರಿಹೋಗುವುದೆಂದು ನಂಬುವವರು ಹಲವರು. ಈ ಎರಡು ಪಕ್ಷಗಳನ್ನೂ ಒರೆಗೆ ಹಚ್ಚುವ ಸಂದರ್ಭವು ರುಮೇನಿಯ ದೇಶದ ದುರ್ದೈವದಿಂದ ಒದಗಿತು.

ಅಲ್ಲಿಯ ಅಧಿಪತಿ ಚೌಷೆಸ್ಕುವು ಜನಸಂಖ್ಯೆಯನ್ನು ಹೆಚ್ಚಿಸಹೊರಟು 1966ರಲ್ಲಿ ಗರ್ಭಪಾತವನ್ನು ನಿಷೇಧಿಸಿದನು. ಸಾಕಲಾರದ ಬಡವರು ಹೆತ್ತ ಕೂಸುಗಳನ್ನು ಸರಕಾರದ ಶಿಶುಗೃಹಗಳಿಗೆ ಒಪ್ಪಿಸಿದರು. 1989ರ ಡಿಸೆಂಬರಿನಲ್ಲಿ ಅವನ ಆಳ್ವಿಕೆ ಕುಸಿದಾಗ ಒಳಗಿನ ಸ್ಥಿತಿಯನ್ನು ಲೋಕವು ಕಂಡಿತು. ಅರೆಹೊಟ್ಟೆ, ಎತ್ತಿಕೊಳ್ಳುವ ಕೈಯಿಲ್ಲ, ಆಡಿಸುವ ಮಾತಿಲ್ಲ. ಅತ್ತರೂ ಯಾರೂ ಬಾರರೆಂದು ಅರಿತ ಕೂಸು ಅಳುವುದನ್ನೇ ಬಿಡುತ್ತದೆ. ಆ ಮೌನವನ್ನು ಶಾಂತಿಯೆಂದು ಭಾವಿಸುವುದುಂಟೆ!

ರುಮೇನಿಯದಿಂದ ಇಂಗ್ಲೆಂಡಿನ ಮನೆಗಳಿಗೆ ದತ್ತು ಬಂದ 165 ಮಕ್ಕಳನ್ನು ಮನೋವೈದ್ಯ ಮೈಕೆಲ್ ರಟ್ಟರ್ ಮತ್ತು ಅವರ ಸಹೋದ್ಯೋಗಿಗಳು ಬಾಲ್ಯದಿಂದ ಯೌವನದವರೆಗೆ ಪರೀಕ್ಷಿಸುತ್ತ ಬಂದರು. ಇವರಲ್ಲಿ ಹೆಚ್ಚಿನವರು ಶಿಶುಗೃಹಗಳಿಂದಲೇ ಬಂದವರು. ಬ್ರಿಟನ್ನಿನಲ್ಲಿಯೇ ಹುಟ್ಟಿ ದತ್ತುಹೋದ 52 ಮಕ್ಕಳು ಹೋಲಿಕೆಗೆ ಇದ್ದರು. ಗೃಹದಲ್ಲಿ ಆರು ತಿಂಗಳಿಗಿಂತ ಕಡಮೆ ಕಾಲ ಇದ್ದವರು ಬಹುಮಟ್ಟಿಗೆ ಈ 52 ಮಂದಿಯಂತೆಯೇ ಬೆಳೆದರು. ಅದಕ್ಕಿಂತ ಹೆಚ್ಚು ಕಾಲ ಇದ್ದವರಲ್ಲಿ ಅನೇಕರಿಗೆ ಅಪರಿಚಿತರೊಡನೆ ಅಂಕೆಯಿಲ್ಲದ ಸಲಿಗೆ, ಚಿತ್ತಚಾಂಚಲ್ಯ, ಪರರ ಭಾವವನ್ನು ಗ್ರಹಿಸುವಲ್ಲಿ ತೊಡಕು ಇವು ಇಪ್ಪತ್ತು ದಾಟಿದರೂ ಬಿಡಲಿಲ್ಲ. ಆದರೆ ಮೊದಲು ಹಿಂದುಳಿದಿದ್ದ ಬುದ್ಧಿಶಕ್ತಿಯು ಯೌವನದ ವೇಳೆಗೆ ಸಾಮಾನ್ಯ ಮಟ್ಟವನ್ನು ಮುಟ್ಟಿತು; ದೀರ್ಘಕಾಲ ಇದ್ದವರಲ್ಲಿಯೂ ಸುಮಾರು ಐವರಲ್ಲೊಬ್ಬರು ಎಂದೂ ಇಂಥ ತೊಂದರೆಗೆ ಸಿಲುಕಲಿಲ್ಲ. ಬೀಜವಾದಿಗಳಿಗೆ ಇಷ್ಟು ಉತ್ತರ ಸಾಕು.

ವಾತ್ಸಲ್ಯವಾದಿಗಳು ವಿಚಾರಿಸಬೇಕಾದುದು ಬೇರೆಯಿದೆ. ಖಿನ್ನತೆ, ಕಳವಳಗಳು ದೀರ್ಘಕಾಲ ಇದ್ದವರಲ್ಲಿ ಬಾಲ್ಯಕ್ಕಿಂತ ಯೌವನದಲ್ಲಿ ಹೆಚ್ಚಾಗಿ ತಲೆದೋರಿದವು. ಇಪ್ಪತ್ತು ವರ್ಷ ಎದೆಗವಚಿ ಸಾಕಿದವರ ಮನೆಯಲ್ಲಿ ಮಗನು ಬಾಗಿಲಿಕ್ಕಿಕೊಂಡು ಕುಳಿತರೆ, ನೆರೆಹೊರೆಯವರು ಆಡುವ ಮೊದಲ ಮಾತು 'ಕೃತಘ್ನ' ಎಂಬುದು. ಇದು ಅನ್ಯಾಯದ ಮಾತು. ಕೃತಘ್ನತೆಯು ಬುದ್ಧಿಪೂರ್ವಕವಾದ ದೋಷ. ಮಾತು ಬಾರದ ವಯಸ್ಸಿನಲ್ಲಿ ಮೈಗೂಡಿದ ಹಸಿವು ಬುದ್ಧಿಯ ಅಪ್ಪಣೆಯನ್ನು ಕೇಳುವುದಿಲ್ಲ. ಇವರಲ್ಲಿ 67 ಮಂದಿಯ ಮಿದುಳನ್ನು ಯಂತ್ರದಿಂದ ಚಿತ್ರಿಸಿದ ಸಂಶೋಧಕರು, ಅದರ ಗಾತ್ರವು ಹೋಲಿಕೆಯವರದಕ್ಕಿಂತ ಸರಾಸರಿ ಶೇಕಡಾ 8.6ರಷ್ಟು ಕಡಮೆಯೆಂದು 2020ರಲ್ಲಿ ಪ್ರಕಟಿಸಿದರು. ಗೃಹವಾಸವು ದೀರ್ಘವಾದಷ್ಟೂ ಕೊರತೆ ಹೆಚ್ಚು. ಗಾಯವು ದೇಹದಲ್ಲಿರುವಾಗ ಶೀಲವನ್ನು ದೂಷಿಸುವುದೆಂತು?

ಹಾಗಾದರೆ ಸಾಕಿದುದು ವ್ಯರ್ಥವೆ? ಬುದ್ಧಿಯು ಮರಳಿ ಚಿಗುರಿದುದು ಆ ಮನೆಗಳಲ್ಲಿಯೇ ಅಲ್ಲವೆ! ಆದರೆ ವಾತ್ಸಲ್ಯವನ್ನು ಔಷಧಿಯಂತೆ ಅಳೆದು ಕೊಟ್ಟು, ಗುಣವಾಗಲಿಲ್ಲವೆಂದು ಲೆಕ್ಕ ಕೇಳುವವನು ಮಗುವನ್ನು ದತ್ತು ಪಡೆದವನಲ್ಲ, ಫಲವನ್ನು ಗುತ್ತಿಗೆ ಹಿಡಿದವನು. ಇಲ್ಲಿ ಋಣವಿರುವುದು ಮಗುವಿನ ಮೇಲಲ್ಲ. ಆ ಮೊದಲ ತಿಂಗಳುಗಳನ್ನು ಕಸಿದವರ ಮೇಲೆ. ಕಡತವೊಂದು ಮೇಜಿನಿಂದ ಮೇಜಿಗೆ ಸಾಗುವ ಆರು ತಿಂಗಳು ಅಧಿಕಾರಿಗೆ ಅಲ್ಪಕಾಲವೆನಿಸೀತು, ಕೂಸಿಗೆ ಅದು ಅರ್ಧ ಆಯುಷ್ಯ. ರುಮೇನಿಯವು ತಡವಾಗಿಯಾದರೂ ಇದನ್ನು ಅರಿತು, ತೀವ್ರ ಅಂಗವೈಕಲ್ಯವುಳ್ಳವರ ಹೊರತು ಎರಡು ವರ್ಷದೊಳಗಿನ ಕೂಸುಗಳನ್ನು ಶಿಶುಗೃಹಕ್ಕೆ ಸೇರಿಸಬಾರದೆಂದು 2004ರಲ್ಲಿ ಕಾಯಿದೆ ಮಾಡಿತು.