ನೆಲವೂ ಡೊಂಕಿರಬಹುದು

ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ. ಸೋತವರ ಬಾಯಿ ಮುಚ್ಚಿಸಲು ಬಹಳ ಅನುಕೂಲದ ಗಾದೆ ಇದು. ನೆಲ ನಿಜಕ್ಕೂ ಡೊಂಕಾಗಿತ್ತೇ ಎಂದು ಯಾರೂ ಬಗ್ಗಿ ನೋಡುವುದಿಲ್ಲ. ಕಂಪ್ಯೂಟರುಗಳು ಆಡುವ ಚದುರಂಗದಲ್ಲಿ ಮಾತ್ರ ಹಾಗೆ ಬಗ್ಗಿ ನೋಡಬಹುದು. ಅಲ್ಲಿ ಕುಣಿಯುವುದು ಪ್ರೋಗ್ರಾಮು, ನೆಲವೆಂದರೆ ಪ್ರೊಸೆಸರ್. ಕುಣಿಯುವವಳನ್ನು ಹಾಗೆಯೇ ಇಟ್ಟು ನೆಲವನ್ನಷ್ಟೇ ಬದಲಿಸಿ ಪರೀಕ್ಷಿಸಬಹುದು. ಇದರಿಂದ ಯೋಗ್ಯತೆ ಎಂಬ ಮಾತಿನ ಬಗ್ಗೆ ಏನು ತಿಳಿಯುತ್ತದೆ ಎಂಬುದು ನನ್ನ ಪ್ರಶ್ನೆ.

ಚದುರಂಗದ ಹಾಸಿನಲ್ಲಿ 64 ಮನೆಗಳು. ಇಂದಿನ ಸಾಮಾನ್ಯ ಪ್ರೊಸೆಸರ್ ಒಮ್ಮೆಗೆ 64 ಬಿಟ್‌ಗಳ ಸಂಖ್ಯೆಯೊಂದನ್ನು ಹಿಡಿಯುತ್ತದೆ. ಇದು ಬರೀ ಕಾಕತಾಳೀಯ, ಆದರೆ ಪ್ರೋಗ್ರಾಮು ಬರೆಯುವವರಿಗೆ ಒಲಿದು ಬಂದ ಭಾಗ್ಯ. ಬಿಳಿಯ ಕಾಲಾಳುಗಳು ಎಲ್ಲೆಲ್ಲಿವೆ ಎಂಬುದನ್ನು ಮನೆಗೊಂದು ಬಿಟ್‌ನಂತೆ ಒಂದೇ ಸಂಖ್ಯೆಯಲ್ಲಿ ಬರೆದಿಡಬಹುದು. ಇದಕ್ಕೆ ಬಿಟ್‌ಬೋರ್ಡ್ ಎಂದು ಹೆಸರು. 1974ರಲ್ಲಿ ಸ್ಟಾಕ್‌ಹೋಮಿನಲ್ಲಿ ಮೊದಲ ವಿಶ್ವ ಕಂಪ್ಯೂಟರ್ ಚೆಸ್ ಚಾಂಪಿಯನ್‌ಶಿಪ್ ಗೆದ್ದ ಸೋವಿಯತ್ ಪ್ರೋಗ್ರಾಮು ಕೈಸ್ಸಾ ಈ ಉಪಾಯವನ್ನು ಬಳಸಿತ್ತು. 32 ಬಿಟ್‌ನ ಪ್ರೊಸೆಸರಿನಲ್ಲಿ ಅದೇ ಹಾಸನ್ನು ಎರಡು ತುಂಡು ಮಾಡಿ ನಿಭಾಯಿಸಬೇಕು. ಕೆಲಸ ನಿಧಾನವಾದಷ್ಟೂ ಕೊಟ್ಟ ಸಮಯದಲ್ಲಿ ಮುಂದಿನ ನಡೆಗಳನ್ನು ನೋಡುವ ಆಳ ಕಡಿಮೆಯಾಗುತ್ತದೆ. ಪ್ರೋಗ್ರಾಮಿನ ಒಂದು ಅಕ್ಷರವೂ ಬದಲಾಗದೆ ಅದರ ಆಟ ದುರ್ಬಲವಾಗುತ್ತದೆ.

ಇದು ಎದ್ದು ಕಾಣುವ ಡೊಂಕು. ಕಾಣದ ಡೊಂಕೂ ಇದೆ. ಆನೆಯ ದಾರಿಯಲ್ಲಿ ಯಾವ ಕಾಯಿಗಳು ಅಡ್ಡ ಇವೆ ಎಂದು ನೋಡುವಾಗ, 64 ಬಿಟ್‌ಗಳಲ್ಲಿ ಬೇಕಾದವನ್ನಷ್ಟೇ ಆಯ್ದು ಒಟ್ಟಿಗೆ ಸೇರಿಸಬೇಕಾಗುತ್ತದೆ. ಅದಕ್ಕೆಂದೇ ಹೊಂದುವ ಪೆಕ್ಸ್ಟ್ ಎಂಬ ಸೂಚನೆ 2013ರಲ್ಲಿ ಇಂಟೆಲ್‌ನ ಹ್ಯಾಸ್ವೆಲ್ ಪ್ರೊಸೆಸರುಗಳಲ್ಲಿ ಬಂತು. 2017ರ ಎಎಮ್‌ಡಿ ಝೆನ್ ಪ್ರೊಸೆಸರುಗಳೂ ಆ ಸೂಚನೆಯನ್ನು ಪಾಲಿಸುತ್ತಿದ್ದವು, ಆದರೆ ಒಳಗೊಳಗೆ ಅನೇಕ ಸಣ್ಣ ಹೆಜ್ಜೆಗಳಾಗಿ ಒಡೆದು, ಬಹಳ ನಿಧಾನವಾಗಿ. 2020ರಲ್ಲಿ ಝೆನ್ 3 ಬಂದ ಮೇಲೆ ಅದು ಸರಿಹೋಯಿತು. ಅಲ್ಲಿಯವರೆಗೆ ಕಾಗದದ ಮೇಲೆ ಎರಡಕ್ಕೂ ಈ ಸೌಲಭ್ಯ ಇತ್ತು, ಅನುಭವದಲ್ಲಿ ಒಂದಕ್ಕೆ ಮಾತ್ರ ಇತ್ತು. ಸೌಲಭ್ಯ ಎಲ್ಲರಿಗೂ ಇದೆ ಎಂಬ ಮಾತನ್ನು ನಾನೀಗ ಕೇಳಿದಾಗಲೆಲ್ಲ ಪೆಕ್ಸ್ಟ್ ನೆನಪಾಗುತ್ತದೆ.

ಹಾಗಾದರೆ ಎಲ್ಲರಿಗೂ ಒಂದೇ ನೆಲ ಕೊಟ್ಟರಾಯಿತಲ್ಲ ಎನ್ನಬಹುದು. 2018ರಲ್ಲಿ ಡೀಪ್‌ಮೈಂಡ್‌ನವರು ಪ್ರಕಟಿಸಿದ ಪಂದ್ಯವನ್ನು ನೋಡಿ. ಆಲ್ಫಾಝೀರೋ ಮತ್ತು ಸ್ಟಾಕ್‌ಫಿಶ್ 1000 ಆಟ ಆಡಿದವು. ಆಲ್ಫಾಝೀರೋ 155 ಗೆದ್ದು 6 ಸೋತಿತು, ಉಳಿದವು ಡ್ರಾ. ಅದು ಸೆಕೆಂಡಿಗೆ ಸುಮಾರು 60 ಸಾವಿರ ಸ್ಥಿತಿಗಳನ್ನು ನೋಡುತ್ತಿತ್ತು, ಸ್ಟಾಕ್‌ಫಿಶ್ ಸುಮಾರು 6 ಕೋಟಿ. ಕಡಿಮೆ ನೋಡಿ ಹೆಚ್ಚು ಕಂಡಿತು ಎಂದು ಹೊಗಳಬಹುದು. ಆದರೆ ಆಲ್ಫಾಝೀರೋ ಓಡುತ್ತಿದ್ದದ್ದು ನರಜಾಲದ ಲೆಕ್ಕಕ್ಕೆಂದೇ ಕಟ್ಟಿದ ಟಿಪಿಯು ಚಿಪ್‌ಗಳ ಮೇಲೆ, ಸ್ಟಾಕ್‌ಫಿಶ್ ಓಡುತ್ತಿದ್ದದ್ದು ಸಾಮಾನ್ಯ ಪ್ರೊಸೆಸರಿನ 44 ಕೋರ್‌ಗಳ ಮೇಲೆ. ಇಬ್ಬರನ್ನೂ ಸಾಮಾನ್ಯ ಪ್ರೊಸೆಸರಿಗೆ ತಂದರೆ ಆಲ್ಫಾಝೀರೋ ಕುಂಟುತ್ತದೆ. ಇಬ್ಬರನ್ನೂ ಟಿಪಿಯುಗೆ ಒಯ್ದರೆ, ಕವಲು ಕವಲಾಗಿ ಹುಡುಕುವ ಸ್ಟಾಕ್‌ಫಿಶ್‌ಗೆ ಅಲ್ಲಿ ನೆಲೆಯೇ ಇಲ್ಲ. ಬೆಲೆ ಸಮ ಮಾಡಬೇಕೋ, ವಿದ್ಯುತ್ತನ್ನೋ? ಯಾವ ಅಳತೆಯನ್ನು ಆರಿಸಿಕೊಂಡರೂ ಯಾರೋ ಒಬ್ಬರಿಗೆ ಅನುಕೂಲವಾಗುತ್ತದೆ.

ಇಷ್ಟಾದ ಮೇಲೆ ಯೋಗ್ಯತೆ ಎಂಬುದೇ ಸುಳ್ಳು, ಎಲ್ಲವೂ ನೆಲದ ಮಹಿಮೆ ಎನ್ನೋಣವೇ? ಅದನ್ನೂ ನಾನು ಒಪ್ಪಲಾರೆ. 2018ರಲ್ಲಿ ಜಪಾನಿನ ಯು ನಾಸು ಶೋಗಿ ಆಟಕ್ಕಾಗಿ, ಸಾಮಾನ್ಯ ಪ್ರೊಸೆಸರಿನಲ್ಲೇ ಚುರುಕಾಗಿ ಓಡುವ ನರಜಾಲವೊಂದನ್ನು ರೂಪಿಸಿದರು. ಒಂದು ನಡೆಗೆ ಜರುಗುವುದು ಒಂದೆರಡು ಕಾಯಿ ಮಾತ್ರ. ಆದ್ದರಿಂದ ಪ್ರತಿ ಸಲ ಎಲ್ಲವನ್ನೂ ಹೊಸದಾಗಿ ಲೆಕ್ಕ ಹಾಕದೆ ಬದಲಾದಷ್ಟನ್ನೇ ತಿದ್ದಿದರೆ ಸಾಕು. ಉಳಿದ ಗುಣಾಕಾರವನ್ನು ಸಣ್ಣ ಪೂರ್ಣಾಂಕಗಳಲ್ಲಿ ಇಟ್ಟರೆ ಪ್ರೊಸೆಸರ್ ಒಂದೇ ಸೂಚನೆಯಲ್ಲಿ ಹತ್ತಾರನ್ನು ಮುಗಿಸುತ್ತದೆ. 2020ರಲ್ಲಿ ಸ್ಟಾಕ್‌ಫಿಶ್ 12 ಇದನ್ನು ಅಳವಡಿಸಿಕೊಂಡಿತು. ಸೆಕೆಂಡಿಗೆ ನೋಡುವ ಸ್ಥಿತಿಗಳು ಕಡಿಮೆಯಾದವು, ಆಟದ ಬಲ ಹೆಚ್ಚಿತು. ನೆಲದ ಗುಣವನ್ನು ಅರಿತು ಹೆಜ್ಜೆ ಹಾಕುವುದೂ ಕುಣಿತದ ಒಂದು ಭಾಗವೇ.

ಹಾಗಾಗಿ ಪ್ರತಿಭೆಯೆಷ್ಟು, ಪರಿಸ್ಥಿತಿಯೆಷ್ಟು ಎಂದು ತಕ್ಕಡಿಯಲ್ಲಿ ತೂಗಿ ಬೇರೆ ಮಾಡಲು ಆಗುವುದಿಲ್ಲ. ಯಂತ್ರಗಳಲ್ಲೇ ಆಗದ್ದು ಮನುಷ್ಯರಲ್ಲಿ ಆಗುತ್ತದೆಯೇ? ಆದರೆ ತೀರ್ಪು ಕೊಡುವವರ ಹೊಣೆ ಅಲ್ಲಿಗೆ ಮುಗಿಯುವುದಿಲ್ಲ. ಚೆಸ್ ಪ್ರೋಗ್ರಾಮುಗಳನ್ನು ಶ್ರದ್ಧೆಯಿಂದ ಪರೀಕ್ಷಿಸುವವರು ಬರೀ ಫಲಿತಾಂಶ ಬರೆಯುವುದಿಲ್ಲ. ಯಾವ ಪ್ರೊಸೆಸರ್, ಎಷ್ಟು ಕೋರ್, ಎಷ್ಟು ಸಮಯ ಎಂಬುದನ್ನೂ ಪಕ್ಕದಲ್ಲೇ ನಮೂದಿಸುತ್ತಾರೆ. ಅದಿಲ್ಲದ ಅಂಕೆಗೆ ಅವರಲ್ಲಿ ಬೆಲೆಯಿಲ್ಲ. ನಮ್ಮ ಮಕ್ಕಳ ಅಂಕಪಟ್ಟಿಯಲ್ಲಿ ಅಂಥದೊಂದು ಕಾಲಂ ಇಲ್ಲ. ಮನೆಯಲ್ಲಿ ಓದಲು ಒಂದು ಮೂಲೆಯಾದರೂ ಇತ್ತೇ, ಪ್ರಶ್ನೆಪತ್ರಿಕೆಯ ಭಾಷೆ ಮನೆಮಾತಾಗಿತ್ತೇ ಎಂದು ಅದು ಹೇಳುವುದಿಲ್ಲ. ಆ ಕಾಲಂ ತುಂಬಿದ ಮಾತ್ರಕ್ಕೆ ಸೋತವರು ಗೆದ್ದಂತಾಗುವುದಿಲ್ಲ, ನಿಜ. ಆದರೂ ನೆಲ ಡೊಂಕು ಎಂದವಳನ್ನು ನೋಡಿ ನಗುವ ಮೊದಲು ಒಮ್ಮೆ ಬಗ್ಗಿ ನೆಲ ನೋಡುವಷ್ಟು ಸೌಜನ್ಯ ನಮಗಿರಬೇಕು.