ಬೇರ್ಪಡಿಸುವ ಕೈ ಯಾರದು?

ಪ್ರೌಢಶಾಲೆಯೊಂದರಲ್ಲಿ ದಿನಕ್ಕೆ ಎಷ್ಟು ಕಸವಾಗುವದೆಂದು ಕೇಳಿದರೆ ಲೆಕ್ಕ ಹೇಳುವವರು ಸಿಕ್ಕಾರು. ಆ ಕಸವು ಯಾರದೆಂದು ಕೇಳಿದರೆ ಉತ್ತರ ಕೊಡುವವರು ದೊರೆಯುವದು ಕಷ್ಟ. ಬಾಳೆಹಣ್ಣು ತಿನ್ನುವವನಿಗೆ ಹಣ್ಣು ತನ್ನದೆಂಬ ನಿಶ್ಚಯವುಂಟು. ಸಿಪ್ಪೆಯು ಕೈಬಿಟ್ಟ ಕೂಡಲೇ ಅದು ಯಾರದೂ ಅಲ್ಲವೆಂದು ಎಣಿಸುತ್ತಾನೆ. ಈ ಎಣಿಕೆಯು ನ್ಯಾಯವೋ ಎಂಬದನ್ನು ವಾಚಕರ ಸಂಗಡ ಸ್ವಲ್ಪ ವಿಚಾರಿಸಬೇಕೆಂದಿದ್ದೇವೆ.

ಇದಕ್ಕೆ ಬೇಕಾದ ದೃಷ್ಟಾಂತವು ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಗಳಲ್ಲಿಯೇ ಇದೆ. ರೇಷ್ಮೆನೂಲು ತೆಗೆಯುವವರನ್ನು ನೋಡಿರಿ. ಗೂಡುಗಳನ್ನು ಬಿಸಿನೀರಿಗೆ ಹಾಕುವ ಮೊದಲೇ ಜೋಡಿ ಗೂಡು, ಕಲೆಬಿದ್ದ ಗೂಡು, ತೂತುಬಿದ್ದ ಗೂಡು ಇವುಗಳನ್ನು ಆರಿಸಿ ಬೇರೆ ಇಡುತ್ತಾರೆ. ಯಾಕಂದರೆ ಎಲ್ಲವನ್ನು ಒಟ್ಟಿಗೆ ಬೇಯಿಸಿದ ಮೇಲೆ ಕೆಟ್ಟದ್ದು ಒಳ್ಳೇದನ್ನೂ ಕೆಡಿಸುವದು. ಬೇರೆ ಇಟ್ಟದ್ದಾದರೋ ವ್ಯರ್ಥವಾಗುವದಿಲ್ಲ. ತೂತುಬಿದ್ದ ಗೂಡಿನಿಂದಲೂ ಒರಟು ನೂಲನ್ನು ತೆಗೆಯಬಹುದು. ಸತ್ತ ಹುಳವು ಎಣ್ಣೆಗೂ ಕೋಳಿಯ ಮೇವಿಗೂ ಆಗುವದು. ಹುಳದ ಹಿಕ್ಕೆಯು ಹಿಪ್ಪುನೇರಳೆ ತೋಟಕ್ಕೆ ಗೊಬ್ಬರವಾಗುವದು. ಇದರಿಂದ ತಿಳಿಯುವದೇನಂದರೆ, ಎಷ್ಟೋ ಪದಾರ್ಥಗಳು ಕಲಬೆರಕೆಯಾದದರಿಂದಲೇ ಕಸವಾಗುತ್ತವೆ.

ಈಗ ಶಾಲೆಯ ಕಡೆಗೆ ತಿರುಗೋಣ. ಮಧ್ಯಾಹ್ನದ ಬಿಸಿಯೂಟವು 2002ರಲ್ಲಿ ನಮ್ಮ ರಾಜ್ಯದಲ್ಲಿ ಆರಂಭವಾಗಿ ತರುವಾಯ ಪ್ರೌಢಶಾಲೆಗಳಿಗೂ ಬಂತು. ಉಳಿದ ಅನ್ನ, ಬಾಳೆಸಿಪ್ಪೆ, ಮೊಟ್ಟೆಯ ಓಡು ಇವು ಒಂದು ಬಗೆ. ಬರೆದು ಮುಗಿದ ಕಾಗದ, ರಟ್ಟು, ಶೀಶೆ ಇವು ಎರಡನೆಯದು. ಒಡೆದ ದೀಪ, ಬರಿದಾದ ಬ್ಯಾಟರಿ ಮುಂತಾದವು ಮೂರನೆಯದು. ಹೀಗೆ ಬೇರ್ಪಡಿಸಿ ಕೊಡತಕ್ಕದ್ದೆಂದು 2016ರ ಘನತ್ಯಾಜ್ಯ ನಿಯಮಗಳಲ್ಲಿಯೇ ವಿಧಿಸಲ್ಪಟ್ಟಿತು. ಬಾಲಕಿಯರ ಮುಟ್ಟಿನ ಪ್ಯಾಡುಗಳನ್ನು ಭದ್ರವಾಗಿ ಸುತ್ತಿ ಕೊಡಬೇಕೆಂಬದೂ ಅದರಲ್ಲಿತ್ತು. ಒಣಗಿದ ಕಾಗದಕ್ಕೆ ಗುಜರಿಯವನು ಬೆಲೆ ಕೊಡುತ್ತಾನೆ. ಅದೇ ಕಾಗದವು ಸಾರಿನಲ್ಲಿ ನೆನೆದರೆ ಕಾಸಿಗೂ ಬಾರದು.

ಆದರೆ ನಷ್ಟವು ಕಾಸಿನದು ಮಾತ್ರವಲ್ಲ. ತಿಂದ ಹುಡುಗನು ಸಿಪ್ಪೆಯನ್ನು ಒಂದು ಪುಟ್ಟಿಗೂ ಕಾಗದವನ್ನು ಇನ್ನೊಂದಕ್ಕೂ ಹಾಕುವದಕ್ಕೆ ಒಂದು ಕ್ಷಣ ಸಾಕು. ಅವನ ಕೈ ಹೊಲೆಯಾಗುವದಿಲ್ಲ. ಅವನು ಆ ಕ್ಷಣವನ್ನು ಉಳಿಸಿಕೊಂಡರೆ ಕೆಲಸವು ಇಲ್ಲವಾಗುವದೋ? ಇಲ್ಲ. ಎರಡು ದಿನಗಳ ಮೇಲೆ ಕೊಳೆತು ನಾರುವ ರಾಶಿಯಲ್ಲಿ ಪೌರಕಾರ್ಮಿಕಳೊಬ್ಬಳು ಗಾಜಿನ ಚೂರಿಗೆ ಅಂಜುತ್ತಾ ಅದನ್ನೇ ಮಾಡಬೇಕಾಗುವದು. ಆದದರಿಂದ ಬೇರ್ಪಡಿಸದೆ ಬಿಸಾಡುವವನು ತನ್ನ ಸುಲಭವಾದ ಕೆಲಸವನ್ನು ಕಠಿಣ ಮಾಡಿ ಬಡವರ ಮೇಲೆ ಹೊರಿಸುತ್ತಾನೆ. ಇದನ್ನು ಸೋಮಾರಿತನವೆಂದರೆ ಸಾಲದು, ಅನ್ಯಾಯವೆನ್ನಬೇಕು.

ಸುಟ್ಟುಬಿಟ್ಟರಾಗದೋ ಎಂದು ಕೆಲವರು ಕೇಳುವರು. ಪ್ಲಾಸ್ಟಿಕನ್ನು ಬೈಲಿನಲ್ಲಿ ಸುಟ್ಟರೆ ಅದರ ವಿಷದ ಹೊಗೆಯು ತರಗತಿಯೊಳಗೇ ಬರುವದು. ಹಳ್ಳಕ್ಕೆ ಸುರಿದರಾಗದೋ? ರಾಮನಗರದ ಬಳಿಯಲ್ಲಿ ಅರ್ಕಾವತಿಗೆ ಬಿದ್ದದ್ದು ಕನಕಪುರವನ್ನು ದಾಟಿ ಸಂಗಮದಲ್ಲಿ ಕಾವೇರಿಗೆ ಸೇರುವದು. ಮೇಲಿನ ಊರಿಗೆ ಕಸವಾದದ್ದು ಕೆಳಗಿನ ಊರಿಗೆ ನೀರಾಗುವದು.

ಇನ್ನೊಂದು ಆಕ್ಷೇಪವುಂಟು; ಇದನ್ನು ಹಗುರವಾಗಿ ತಳ್ಳಲಾಗದು. ನಮ್ಮ ಸಭೆಗಳಲ್ಲಿ ಎಷ್ಟೋ ತಂದೆತಾಯಿಗಳು, ನಮ್ಮ ಹಿರಿಯರ ಕೈಯಲ್ಲಿದ್ದ ಪೊರಕೆಯನ್ನು ಬಿಡಿಸುವದಕ್ಕೋಸ್ಕರವೇ ಮಕ್ಕಳನ್ನು ಶಾಲೆಗೆ ಕಳುಹಿಸಿದೆವು, ಅಲ್ಲಿಯೂ ಪೊರಕೆಯೋ, ಎಂದು ಕೇಳುತ್ತಾರೆ. ಅವರ ಭಯಕ್ಕೆ ಕಾರಣವುಂಟು. ಕೋಲಾರ ಜಿಲ್ಲೆಯ ಮಾಲೂರು ತಾಲೂಕಿನ ಒಂದು ವಸತಿ ಶಾಲೆಯಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸಂಗತಿಯು 2023ರ ದಶಂಬರದಲ್ಲಿ ಬೈಲಾಯಿತು. ಮನುಷ್ಯರ ಕೈಯಿಂದ ಮಲ ಬಳಿಸುವದನ್ನು 1993ರಲ್ಲಿಯೂ, ಇನ್ನೂ ಬಿಗಿಯಾಗಿ 2013ರಲ್ಲಿಯೂ ಕಾನೂನು ನಿಷೇಧಿಸಿತ್ತು, ಆದರೂ ಹಾಗಾಯಿತು. ಶೌಚದ ಕೆಲಸವನ್ನು ಮಕ್ಕಳಿಗೆ ಹೇಳಿದರೆ, ಅಥವಾ ಪೊರಕೆಯನ್ನು ಕುಲ ನೋಡಿ ಕೊಟ್ಟರೆ, ತಂದೆತಾಯಿಗಳು ಹಿಂಜರಿಯದೆ ವಿರೋಧಿಸಬೇಕು.

ಆದರೆ ತನ್ನ ಸಿಪ್ಪೆಯನ್ನು ತಾನೇ ಪುಟ್ಟಿಗೆ ಹಾಕುವದು ಪರರ ಕಸ ಬಳಿಯುವದಲ್ಲ. ಬದಲಾಗಿ, ಪ್ರತಿಯೊಬ್ಬನು ತನ್ನದನ್ನು ಬೇರ್ಪಡಿಸಿದರೆ ಒಂದು ಕುಲಕ್ಕೆ ಕಸವನ್ನು ಗಂಟುಹಾಕಿದ ಹಳೇ ವಾಡಿಕೆಯ ಬೇರೇ ಸಡಿಲುವದು. ಐದು ರೊಟ್ಟಿಗಳ ಊಟವಾದ ಮೇಲೆ ಉಳಿದ ತುಂಡುಗಳನ್ನು ಹನ್ನೆರಡು ಪುಟ್ಟಿಗಳಲ್ಲಿ ಕೂಡಿಸಿದವರು ಯಾರು? ಬಡಿಸಿದ ಶಿಷ್ಯರೇ, ಇದಕ್ಕಾಗಿ ಬೇರೆ ಆಳುಗಳನ್ನು ಕರೆಯಲಿಲ್ಲ.

ಹಾಗಾದರೆ ಶಾಲೆಗಳಲ್ಲಿ ಮಾಡತಕ್ಕದ್ದೇನು? ಮೊದಲನೆಯದಾಗಿ, ಪುಟ್ಟಿಗಳನ್ನು ಹೊರಗಿಡುವ ಸರದಿಯು ಹಾಜರಿ ಪುಸ್ತಕದ ಕ್ರಮದಲ್ಲಿಯೇ ನಡೆಯಲಿ; ಉಪಾಧ್ಯಾಯರ ಹೆಸರುಗಳೂ ಅದರಲ್ಲಿರಲಿ. ಎರಡನೆಯದಾಗಿ, ಸಿಪ್ಪೆಯನ್ನೂ ತರಗೆಲೆಯನ್ನೂ ಪದರಪದರವಾಗಿ ಗುಂಡಿಗೆ ಹಾಕಿ, ತೇವ ಆರದಂತೆ ನೋಡಿ, ಆಗಾಗ್ಗೆ ತಿರುವಲಿ. ಕೆಲವು ತಿಂಗಳುಗಳಲ್ಲಿ ಅದು ಗೊಬ್ಬರವಾಗಿ ಕೈತೋಟಕ್ಕೆ ಬರುವದು. ಮೂರನೆಯದಾಗಿ, ತಿಂಡಿಯ ಹೊಳಪಿನ ಚೀಟಿಯಲ್ಲಿ ಪ್ಲಾಸ್ಟಿಕೂ ಲೋಹವೂ ಅಂಟಿಕೊಂಡಿರುವದರಿಂದ ಗುಜರಿಯವನೂ ಅದನ್ನು ಕೊಳ್ಳುವದಿಲ್ಲ. ಅಂಥದನ್ನು ಕೊಳ್ಳದಿರುವದೇ ಉತ್ತಮ.

ಪ್ರಿಯ ವಾಚಕರೇ, ನಿಮ್ಮ ಮಗನು ಸಾಯಂಕಾಲ ಮನೆಗೆ ಬಂದಾಗ ಎಷ್ಟು ಅಂಕ ಬಂತೆಂದು ಕೇಳುತ್ತೀರಿ. ಶಾಲೆಯಲ್ಲಿ ಪುಟ್ಟಿಯನ್ನು ಇಂದು ಎತ್ತಿದವರು ಯಾರು, ನಾಳೆ ಯಾರ ಸರದಿ, ಎಂದೂ ಕೇಳಿರಿ. ಪ್ರತಿದಿನವೂ ಒಂದೇ ಕೇರಿಯ ಮಕ್ಕಳ ಹೆಸರು ಬಂದರೆ ಮಾರಣೆಯ ದಿನ ನೀವೇ ಶಾಲೆಗೆ ಹೋಗಿರಿ.