ಸ್ಕಾಲರ್‌ಶಿಪ್: ಯಾರ ಋಣ, ಯಾರಿಗೆ?

2021ರಲ್ಲಿ ಮಂಗಳೂರಿನ ಹಂಪನಕಟ್ಟೆಯಲ್ಲಿ ಸ್ಮಾರ್ಟ್ ಸಿಟಿ ಕೆಲಸಕ್ಕೆ ರಸ್ತೆ ಅಗೆಯುವಾಗ ಒಂದು ಹಳೆಯ ಬಾವಿ ಸಿಕ್ಕಿತು. ಯಾವ ಕಾಲದಲ್ಲೋ ಅದನ್ನು ಮುಚ್ಚಿ, ಮೇಲೆ ರಸ್ತೆ ಮಾಡಿ, ಬಸ್ಸು ಓಡಿಸಿ, ಊರು ಅದನ್ನು ಮರೆತುಬಿಟ್ಟಿತ್ತು. ದಾರಿಹೋಕರಿಗೆ ನೀರು ಕೊಡುತ್ತಿದ್ದ ಒಬ್ಬ ಪುಣ್ಯಾತ್ಮನ ಕಟ್ಟೆಯಿಂದ ಈ ಜಾಗಕ್ಕೆ ಹೆಸರು ಬಂತು ಅಂತ ಹಿರಿಯರು ಹೇಳುವ ಕತೆಯೂ ಉಂಟು. ಜನ ಬಗ್ಗಿ ನೋಡಿದರು, ಫೋಟೋ ತೆಗೆದರು. ನಾನೂ ಬಗ್ಗಿ ನೋಡಿದೆ. ನನಗೆ ಬಂದ ಯೋಚನೆ ಬೇರೆ. ನನ್ನ ಅಜ್ಜ ಈ ದಾರಿಯಲ್ಲಿ ಬಂದಿದ್ದರೆ ಈ ಬಾವಿಗೆ ತಾನೇ ಕೊಡಪಾನ ಇಳಿಸುತ್ತಿದ್ದನೇ? ಅಥವಾ ದೂರ ಕೂತು ಬೊಗಸೆಯೊಡ್ಡಿ, ಯಾರಾದರೂ ಮೇಲಿಂದ ಸುರಿಯಲಿ ಅಂತ ಕಾಯುತ್ತಿದ್ದನೇ?

ಬಾವಿ ಉತ್ತರ ಹೇಳುವುದಿಲ್ಲ. ಆದರೆ ಈ ದೇಶದ ಬಾವಿ-ಕೆರೆಗಳ ಚರಿತ್ರೆ ನಮಗೆ ಗೊತ್ತುಂಟು. 1927ರ ಮಾರ್ಚ್ 20ರಂದು ಅಂಬೇಡ್ಕರ್ ಮಹಾಡದ ಚವದಾರ್ ಕೆರೆಗೆ ಇಳಿದದ್ದು ಬಾಯಾರಿಕೆಯಿಂದ ಅಲ್ಲ. ಬಾಯಾರಿಕೆಯೊಂದೇ ಆಗಿದ್ದರೆ ಯಾರೋ ಕರುಣಾಳು ಒಂದು ಚೆಂಬು ಸುರಿಯುತ್ತಿದ್ದ. ತನ್ನ ಕೈಯಿಂದ ತಾನೇ ಮೊಗೆದು ಕುಡಿಯುವುದು ಅಲ್ಲಿದ್ದ ಪ್ರಶ್ನೆ.

ಇದನ್ನು ಯಾಕೆ ಹೇಳುತ್ತಿದ್ದೇನೆ? ಆ ಬಾವಿಯಿಂದ ಕೂಗಳತೆಯಲ್ಲೇ 1868ರಲ್ಲಿ ಶುರುವಾದ ವಿದ್ಯಾಸಂಸ್ಥೆ ಇದೆ. ಬಹುಕಾಲ ಅದು ಸರಕಾರಿ ಕಾಲೇಜು, 1993ರಿಂದ ವಿಶ್ವವಿದ್ಯಾನಿಲಯ ಕಾಲೇಜು. ಸುತ್ತಮುತ್ತ ಇನ್ನೂ ಎಷ್ಟೋ ಕಾಲೇಜುಗಳು, ಮೂವತ್ತು ದಿನದಲ್ಲಿ ಇಂಗ್ಲಿಷ್ ಮಾತಾಡಿಸುತ್ತೇವೆ ಅನ್ನುವ ಬೋರ್ಡುಗಳು. ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ ಕಡೆಯ ನಮ್ಮ ಮಕ್ಕಳು ಇಲ್ಲಿಗೇ ಬಂದು ಬಸ್ಸಿಳಿಯುತ್ತಾರೆ. ಮನೆಯಲ್ಲಿ ತುಳು, ಕೆಲವರಿಗೆ ಕೊರಗ ಭಾಷೆ. ಶಾಲೆಯಲ್ಲಿ ಕನ್ನಡ. ಕಾಲೇಜಿನ ಕಾಗದದಲ್ಲಿ ಇಂಗ್ಲಿಷ್ ಎರಡನೆಯ ಭಾಷೆಯಾದರೆ ನಮ್ಮ ಮಕ್ಕಳ ನಾಲಗೆಗೆ ಅದು ಮೂರನೆಯದು. ಈ ಕಾಲದ ಊರಬಾವಿ ಇಂಗ್ಲಿಷ್. ಹಾಗಾದರೆ ನಮ್ಮ ಕೈಗೆ ಕೊಡುವ ಸ್ಕಾಲರ್‌ಶಿಪ್ ಏನು? ಸೇದುವ ಹಗ್ಗವೋ, ಮೇಲಿಂದ ಸುರಿಯುವ ನೀರೋ?

ನನ್ನದೇ ಒಂದು ಪ್ರಸಂಗ ಹೇಳುತ್ತೇನೆ. ಕಾಲೇಜಿನ ಹೆಸರು ಬೇಡ, ಅದು ಯಾವ ಕಾಲೇಜಿನಲ್ಲೂ ಆಗಬಹುದಾದದ್ದೇ. ನಲವತ್ತು ವರ್ಷದ ಹಿಂದೆ, ಮೊದಲ ವರ್ಷದ ಬಿ.ಎ. ತರಗತಿಗೆ ಜವಾನ ನೋಟೀಸು ತಂದ. ಮೇಷ್ಟ್ರು ಓದಿ, “ಸ್ಕಾಲರ್‌ಶಿಪ್‌ನವರು ಎದ್ದು ನಿಲ್ಲಿ” ಅಂದರು. ಆರು ಜನ ನಿಂತೆವು. ಅಲ್ಲಿಯವರೆಗೆ ನಾವು ಯಾರು ಅಂತ ಬೆಂಚಿನ ಪಕ್ಕದವನಿಗೆ ಗೊತ್ತಿರಲಿಲ್ಲ. ನಿಂತ ಮೇಲೆ ಗೊತ್ತಾಯಿತು. ಮರುದಿನ ಬೆಂಚಿನಲ್ಲಿ ಜಾಗ ಜಾಸ್ತಿಯಾಗಿತ್ತು.

ಅರ್ಜಿ ಇಂಗ್ಲಿಷಿನಲ್ಲಿತ್ತು. ತಂದೆಯ ಉದ್ಯೋಗ ಅನ್ನುವ ಕಡೆ ಬರೆಯಲು ಮಾತ್ರ ನನಗೆ ಕಷ್ಟವಾಗಲಿಲ್ಲ. ನಮ್ಮಪ್ಪನ ಕೆಲಸಕ್ಕೆ ಇಂಗ್ಲಿಷಿನಲ್ಲೂ ನಮ್ಮ ಶಬ್ದವೇ ಇತ್ತು: ಕೂಲಿ. ಅಮ್ಮ ತಡ್ಪೆ ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದಳು. ಅವಳ ಕೆಲಸ ಕೇಳುವ ಗೆರೆಯೇ ಅರ್ಜಿಯಲ್ಲಿರಲಿಲ್ಲ. ಗುಮಾಸ್ತರು ಅರ್ಜಿ ನೋಡಿ, ನಾಲ್ಕು ತಪ್ಪಿಗೆ ಗೆರೆ ಎಳೆದು, “ಇಂಗ್ಲಿಷ್ ಬಾರದವನಿಗೆ ಈ ಕಾಲೇಜು ಎಂತಕ್ಕೆ ಮಾರಾಯ? ಸರಕಾರದ ಹಣ ತಿನ್ಲಿಕ್ಕಾ?” ಅಂದರು. ಅವರು ಕೆಟ್ಟ ಮನುಷ್ಯರಲ್ಲ. ತಪ್ಪುಗಳನ್ನು ಅವರೇ ತಿದ್ದಿ ಅರ್ಜಿ ಕಳಿಸಿದರು. ಹಣ ಬಂದದ್ದು ಪರೀಕ್ಷೆ ಮುಗಿದ ಮೇಲೆ. ಆದರೆ ಅವರ ಪ್ರಶ್ನೆಗೆ ಆ ದಿನ ನನ್ನಲ್ಲಿ ಉತ್ತರವಿರಲಿಲ್ಲ. ಇವತ್ತು ಹೇಳಲು ನೋಡುತ್ತೇನೆ.

ಮೊದಲು, ಅದು ಯಾರ ಹಣ? ನಮ್ಮ ಶಾಸನಗಳನ್ನು ಓದಿ ನೋಡಿ. ಅಗ್ರಹಾರಕ್ಕೆ ಭೂಮಿ, ಮಠಕ್ಕೆ ದತ್ತಿ, ವಿದ್ಯಾದಾನಕ್ಕೆ ಇಂತಿಷ್ಟು ಗದ್ದೆ. ಆ ಗದ್ದೆಯಲ್ಲಿ ಉತ್ತವರು, ನೆಟ್ಟವರು, ಕೊಯ್ದವರು ಯಾರು? ಓದುವವನ ಅನ್ನ ದುಡಿಯುವವನ ಬೆವರಿನಿಂದ ಬಂತು. ಸಾವಿರ ವರ್ಷ ಹೀಗೆ ನಡೆಯಿತು. ಅದನ್ನು ಯಾರೂ ಸ್ಕಾಲರ್‌ಶಿಪ್ ಅನ್ನಲಿಲ್ಲ, ಓದಿದವರನ್ನು ತರಗತಿಯಲ್ಲಿ ಎದ್ದು ನಿಲ್ಲಿಸಲಿಲ್ಲ. ಪರಿಶಿಷ್ಟ ಜಾತಿಯ ಮಕ್ಕಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಬಂದದ್ದು 1944ರಲ್ಲಿ. ಆಗ ವೈಸರಾಯರ ಮಂಡಲಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದ ಅಂಬೇಡ್ಕರ್ ಅವರ ಒತ್ತಾಯ ಅದರ ಹಿಂದಿತ್ತು. ಕೇಳದೆ ಬಂದ ಕರುಣೆ ಅಲ್ಲ ಅದು, ಕೇಳಿ ಪಡೆದ ಬಾಕಿ. ಬಾಕಿ ವಸೂಲು ಮಾಡಿದವನು ಯಾರಿಗೂ ಕೈ ಮುಗಿಯಬೇಕಾಗಿಲ್ಲ.

ಹಾಗಾದರೆ ಕೊಡುವವರೆಲ್ಲ ಕೆಟ್ಟವರೇ? ಅಲ್ಲ. ಇದೇ ಮಂಗಳೂರಿನಲ್ಲಿ 1892ರಲ್ಲಿ ಕುದ್ಮುಲ್ ರಂಗರಾಯರು ಅಸ್ಪೃಶ್ಯ ಮಕ್ಕಳಿಗೆ ಶಾಲೆ ತೆರೆದರು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಅದಕ್ಕಾಗಿ ಅವರ ಜಾತಿಯವರೇ ಅವರನ್ನು ಹೊರಗಿಟ್ಟರು. ದಲಿತ ಮಗು ಓದಿ, ಅಧಿಕಾರಿಯಾಗಿ, ಕಾರಿನಲ್ಲಿ ಹೋಗುವಾಗ ಏಳುವ ಧೂಳು ತನ್ನ ತಲೆಗೆ ತಾಗಲಿ ಅನ್ನುವುದು ಅವರ ಆಸೆಯಾಗಿತ್ತು. ಇದನ್ನು ನಾವು ಭಾಷಣದಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸುತ್ತೇವೆ. ಅದರಲ್ಲಿ ಒಂದು ವಿಚಾರ ಗಮನಿಸಬೇಕು. ಅಲ್ಲಿ ತಲೆ ತಗ್ಗಿಸಿರುವವನು ಕೊಟ್ಟವನು. ಈಗಿನ ವಿದ್ಯಾರ್ಥಿವೇತನ ಸಮಾರಂಭಗಳಲ್ಲಿ ವೇದಿಕೆಯ ಮೇಲೆ ಇಪ್ಪತ್ತು ಕುರ್ಚಿ. ಕೆಳಗೆ ಬಿಸಿಲಿನಲ್ಲಿ ಬಂದ ಮಕ್ಕಳು ಒಬ್ಬೊಬ್ಬರಾಗಿ ಹತ್ತಿ, ಬಗ್ಗಿ, ಲಕೋಟೆ ತೆಗೆದುಕೊಂಡು, ಫೋಟೋಕ್ಕೆ ಮುಖ ತಿರುಗಿಸುತ್ತಾರೆ. ಹಣ ಅದೇ ಇರಬಹುದು. ಸುರಿಯುವ ರೀತಿ ಹಳೆಯದು.

ಈಗ ಭಾಷೆಯ ಪ್ರಶ್ನೆ. “ಇಂಗ್ಲಿಷಿನ ಹಿಂದೆ ಯಾಕೆ ಓಡುತ್ತೀರಿ, ಕನ್ನಡದಲ್ಲೇ ಓದಿ” ಅನ್ನುವ ದೊಡ್ಡವರು ಇದ್ದಾರೆ. ಅವರ ಮಾತಿನಲ್ಲಿ ಸತ್ಯ ಇಲ್ಲದಿಲ್ಲ. ಮಗು ತನ್ನ ಭಾಷೆಯಲ್ಲಿ ಕಲಿತದ್ದು ಎದೆಗೆ ಇಳಿಯುತ್ತದೆ. ಆದರೆ ಅವರ ಮಕ್ಕಳು ಯಾವ ಬಸ್ಸು ಹತ್ತಿ ಯಾವ ಶಾಲೆಗೆ ಹೋಗುತ್ತಾರೆ ಅಂತ ನೋಡಿದ್ದೇವೆ. ಸಾವಿತ್ರಿಬಾಯಿ ಫುಲೆ 1854ರ ತಮ್ಮ ಕವನ ಸಂಗ್ರಹದಲ್ಲಿ ಇಂಗ್ಲಿಷನ್ನು ತಾಯಿ ಅಂತ ಕರೆದರು. 2010ರಲ್ಲಿ ಉತ್ತರ ಪ್ರದೇಶದ ಲಖೀಂಪುರ ಖೇರಿ ಜಿಲ್ಲೆಯಲ್ಲಿ ದಲಿತರು ಇಂಗ್ಲಿಷ್ ದೇವಿಗೆ ಗುಡಿ ಕಟ್ಟಲು ಹೊರಟರು. ನನಗೆ ಹೊಸ ದೇವರು ಬೇಡ. ಆದರೆ ಆ ಹಸಿವು ಅರ್ಥವಾಗುತ್ತದೆ. ಧಣಿಯ ಬಾಯಲ್ಲಿ ನನ್ನ ಅಪ್ಪ ಸಾಯುವವರೆಗೂ ‘ನೀನು’. ಅಪ್ಪನ ಬಾಯಲ್ಲಿ ಧಣಿಯ ಹತ್ತು ವರ್ಷದ ಮಗನೂ ‘ನೀವು’. ಇಂಗ್ಲಿಷಿನಲ್ಲಿ ಇಬ್ಬರಿಗೂ ಒಂದೇ ‘ಯೂ’. ಈ ಸಣ್ಣ ಶಬ್ದ ಮೊದಲ ಸಲ ಅರ್ಥವಾದಾಗ ನನಗೆ ಎಷ್ಟು ಹಗುರವಾಯಿತು ಅಂತ ಅಪ್ಪನಿಗೆ ವಿವರಿಸಲು ಆಗಲಿಲ್ಲ.

ಆದರೆ ಗೆಳೆಯರೇ, ಮೋಸ ಹೋಗಬೇಡಿ. ಬಾಗಿಲಿನಿಂದ ಹೊರಗೆ ಹಾಕಿದ ಜಾತಿ ಕಿಟಕಿಯಿಂದ ಬಂದು ಕೂತಿದೆ. ಈಗ ಅದರ ಹೆಸರು ಉಚ್ಚಾರಣೆ. ಕಾನ್ವೆಂಟಿನಲ್ಲಿ ಓದಿದವನು ಸುಳ್ಳು ಹೇಳಿದರೂ ಬುದ್ಧಿವಂತ, ನಮ್ಮ ಹುಡುಗಿ ನಿಜ ಹೇಳಿದರೂ ದಡ್ಡಿ. ಉತ್ತರ ಗೊತ್ತಿದ್ದೂ ವಾಕ್ಯ ಕಟ್ಟಲಾಗದೆ ಬಾಯಿ ಮುಚ್ಚಿ ಕೂತ ಮಗುವನ್ನು ಏನೂ ತಿಳಿಯದವಳು ಅಂತ ಬರೆದುಬಿಡುತ್ತಾರೆ.

ಇಲ್ಲೇ ಸ್ಕಾಲರ್‌ಶಿಪ್ಪಿನ ಲೆಕ್ಕ ತಪ್ಪುತ್ತದೆ. ಅದು ಫೀಜು ಲೆಕ್ಕ ಹಾಕುತ್ತದೆ, ಭಾಷೆಯನ್ನು ಲೆಕ್ಕ ಹಾಕುವುದಿಲ್ಲ. 2021ರ ಕೇಂದ್ರದ ನಿಯಮದ ಪ್ರಕಾರ ಕುಟುಂಬದ ವರಮಾನ ವರ್ಷಕ್ಕೆ 2.5 ಲಕ್ಷ ರೂಪಾಯಿ ಮೀರಬಾರದು. ಬಿ.ಎ., ಬಿ.ಕಾಂ. ಥರದ ಪದವಿ ಓದುವ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗೆ ಫೀಜಿನ ಹೊರತಾಗಿ ಸಿಗುವ ಭತ್ಯೆ, ಹಾಸ್ಟೆಲಿನಲ್ಲಿದ್ದರೆ ವರ್ಷಕ್ಕೆ 6,000 ರೂಪಾಯಿ, ಮನೆಯಿಂದ ಬಂದುಹೋದರೆ 3,000. ದಿನಕ್ಕೆ ಎಂಟು ರೂಪಾಯಿ ಚಿಲ್ಲರೆ. ಅದರಲ್ಲಿ ಬಸ್ಸಿಗೆ ಎಷ್ಟು, ಪುಸ್ತಕಕ್ಕೆ ಎಷ್ಟು, ಮೂವತ್ತು ದಿನದ ಇಂಗ್ಲಿಷಿಗೆ ಎಷ್ಟು? ಬಾವಿಕಟ್ಟೆಯವರೆಗೆ ಬಿಟ್ಟರು, ಹಗ್ಗ ಮೋಟು ಮಾಡಿ ಕೊಟ್ಟರು. ಕೊಡಪಾನ ನೀರಿಗೆ ಮುಟ್ಟದಿದ್ದಾಗ, “ನೋಡಿ, ಇವರಿಗೆ ಸೇದಲಿಕ್ಕೆ ಬರುವುದಿಲ್ಲ” ಅಂದರು.

ಇನ್ನು ಎರಡನೆಯ ಪ್ರಶ್ನೆ, ಕಷ್ಟದ ಪ್ರಶ್ನೆ. ಕೊಟ್ಟವರಿಗೆ ಋಣ ಇಲ್ಲ ಅಂತಾದರೆ ಪಡೆದವನು ಯಾರಿಗೂ ಋಣಿಯಲ್ಲವೇ?

ಅಂಬೇಡ್ಕರ್ 1913ರಲ್ಲಿ ಬರೋಡ ಸಂಸ್ಥಾನದ ವಿದ್ಯಾರ್ಥಿವೇತನದ ಮೇಲೆ ಕೊಲಂಬಿಯಾಕ್ಕೆ ಹೋದರು. ತಿಂಗಳಿಗೆ ಹನ್ನೊಂದೂವರೆ ಪೌಂಡು, ಮೂರು ವರ್ಷ. ಬದಲಿಗೆ ಹತ್ತು ವರ್ಷ ಬರೋಡದ ಚಾಕರಿ ಮಾಡುವ ಕರಾರು. ಅಲ್ಲಿ 1916ರ ಮೇ ತಿಂಗಳಲ್ಲಿ ಅವರು ಇಂಗ್ಲಿಷಿನಲ್ಲಿ ಓದಿದ ಪ್ರಬಂಧ ಭಾರತದ ಜಾತಿಗಳನ್ನು ಕುರಿತದ್ದು. 1917ರಲ್ಲಿ ಕರಾರಿನಂತೆ ಚಾಕರಿಗೆ ಬಂದರು. ಆ ಊರಿನಲ್ಲಿ ಅವರಿಗೆ ತಲೆ ಮೇಲೆ ಸೂರು ಸಿಗಲಿಲ್ಲ. ಪಾರ್ಸಿ ವಸತಿಗೃಹದಿಂದ ದೊಣ್ಣೆ ಹಿಡಿದು ಹೊರಗೆ ಕಳಿಸಿದರು. ಬರೋಡ ಬಿಟ್ಟರು. ಆದರೆ ಋಣ ತೀರಿತು ಅಂತ ಸುಮ್ಮನೆ ಕೂರಲಿಲ್ಲ. 1920ರ ಜನವರಿ 31ರಂದು ‘ಮೂಕನಾಯಕ’ ಪತ್ರಿಕೆ ಹೊರಡಿಸಿದರು. ಯಾವ ಭಾಷೆಯಲ್ಲಿ? ಮರಾಠಿಯಲ್ಲಿ. ಇಂಗ್ಲಿಷ್ ಗೊತ್ತಿದ್ದವನು ತನ್ನ ಜನರ ಹತ್ತಿರ ತನ್ನ ಜನರ ಭಾಷೆಯಲ್ಲಿ ಮಾತಾಡಿದ. ಆಳುವವರ ಹತ್ತಿರ ಆಳುವವರ ಭಾಷೆಯಲ್ಲಿ ವಾದಿಸಿದ. ಕನ್ನಡವೋ ಇಂಗ್ಲಿಷೋ ಅಂತ ನಮ್ಮನ್ನು ಕಚ್ಚಾಡಿಸುವವರಿಗೆ ಇದೇ ಉತ್ತರ.

ಹೊರದೇಶದಲ್ಲಿ ಓದುವವರಿಗೆ ಕೇಂದ್ರ ಸರಕಾರ ಕೊಡುವ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನಕ್ಕೆ 2022ರಲ್ಲಿ ಹೊಸ ನಿಯಮ ಮಾಡಿದರು. ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜ ಕುರಿತ ಅಧ್ಯಯನಕ್ಕೆ ಹಣ ಇಲ್ಲ ಅಂದರು. ಆ ನಿಯಮ 1913ರಲ್ಲಿ ಇದ್ದಿದ್ದರೆ? ಇಂಗ್ಲಿಷ್ ಕಲಿ, ಆದರೆ ನಿನ್ನ ಕೇರಿಯ ಬಗ್ಗೆ ಅದರಲ್ಲಿ ಮಾತಾಡಬೇಡ! ಬಾಕಿ ತೀರಿಸುವವನು ಹೀಗೆ ಷರತ್ತು ಹಾಕುವುದಿಲ್ಲ. ಭಿಕ್ಷೆ ಹಾಕುವವನು ಹಾಕುತ್ತಾನೆ.

ಆದ್ದರಿಂದ ನನಗೆ ತೋಚುವುದು ಇಷ್ಟು. ನಮ್ಮ ಋಣ ಮೇಲಕ್ಕೆ ಅಲ್ಲ, ಪಕ್ಕಕ್ಕೆ ಮತ್ತು ಕೆಳಕ್ಕೆ. ಕೂಲಿ ಮಾಡಿದ ಅಪ್ಪನಿಗೆ, ಬೀಡಿ ಕಟ್ಟಿದ ಅಮ್ಮನಿಗೆ, ಏಳನೆಯ ಕ್ಲಾಸಿಗೇ ಶಾಲೆ ಬಿಟ್ಟ ತಂಗಿಗೆ, ನಮ್ಮ ಹಿಂದೆ ಬರುವ ಮಗುವಿಗೆ. ಈ ಋಣ ಹೇಗೆ ತೀರಿಸಬೇಕು? ಸರಕಾರದ ಹತ್ತಿರ ಜಗಳ ಮಾಡಿ: ಹಣ ವರ್ಷದ ಆರಂಭದಲ್ಲಿ ಬರಲಿ, ಹೆಸರನ್ನು ತರಗತಿಯಲ್ಲಿ ಕೂಗುವುದು ನಿಲ್ಲಲಿ, ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ವರ್ಷ ಕಾಲೇಜೇ ಇಂಗ್ಲಿಷ್ ಕಲಿಸಲಿ, ಕಲಿಸುವವರಿಗೆ ತುಳು-ಕನ್ನಡ ಗೊತ್ತಿರಲಿ, ತರಗತಿಯಲ್ಲಿ ಕನ್ನಡದಲ್ಲಿ ಪ್ರಶ್ನೆ ಕೇಳಿದರೆ ನಗುವವರಿಗೆ ಬುದ್ಧಿ ಹೇಳಲಿ. ಇದು ಒಂದು ಕಡೆಯ ಕೆಲಸ.

ಇನ್ನೊಂದು ಕಡೆ ನಮ್ಮದೇ ಕೆಲಸ ಉಂಟು. ಈಗ ಅರ್ಜಿ ಕಂಪ್ಯೂಟರಿನಲ್ಲಿ. ಆಧಾರ್, ಬ್ಯಾಂಕ್ ಖಾತೆ, ಜಾತಿ ಪತ್ರ, ಆದಾಯ ಪತ್ರ, ಒಂದಕ್ಕೊಂದು ಹೆಸರಿನ ಅಕ್ಷರ ಕೂಡದಿದ್ದರೆ ಹಣ ನಿಂತಿತು. ಅಪ್ಪನ ಹೆಸರು ಒಂದರಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ. ಹಳ್ಳಿಯ ಮೇಷ್ಟ್ರೇ, ಇದನ್ನು ಹತ್ತನೆಯ ಕ್ಲಾಸಿನಲ್ಲೇ ಸರಿಮಾಡಿಸಬಲ್ಲವರು ನೀವು. ಸ್ಕಾಲರ್‌ಶಿಪ್ಪಿನಲ್ಲಿ ಓದಿ ಬ್ಯಾಂಕಿನಲ್ಲಿ, ಕಚೇರಿಯಲ್ಲಿ ಕುರ್ಚಿ ಹಿಡಿದ ಗೆಳೆಯರೇ, ನಿಮಗೆ ಒಂದು ಪ್ರಶ್ನೆ. ನಾಳೆ ನಿಮ್ಮ ಕೇರಿಯ ಹುಡುಗಿ ತಪ್ಪು ಇಂಗ್ಲಿಷಿನಲ್ಲಿ ತುಂಬಿದ ಅರ್ಜಿ ಹಿಡಿದು ನಿಮ್ಮ ಮೇಜಿನ ಮುಂದೆ ನಿಂತರೆ, ಅವಳಿಗೆ ಕುರ್ಚಿ ಎಳೆದು ಪಕ್ಕದಲ್ಲಿ ಕೂರಿಸಿಕೊಂಡು ತಿದ್ದುತ್ತೀರೋ, ಅಥವಾ ಆ ಗುಮಾಸ್ತರ ಹಳೆಯ ಪ್ರಶ್ನೆಯನ್ನೇ ನೀವೂ ಕೇಳುತ್ತೀರೋ?